ಮೂಳೆ ಜರುಗಿದೆ, ಸ್ವಲ್ಪ ಕೂರಿಸ್ತೀರಾ?

ನಾನು ಫಿಸಿಯೋಥೆರಪಿಸ್ಟ್ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಒಂದೇ. "ಕೈಯಲ್ಲೇ ಒತ್ತಿ ಸೊಂಟನೋವು ವಾಸಿ ಮಾಡ್ತಾರಲ್ಲ, ಅದು ನಿಜವಾಗ್ಲೂ ಕೆಲಸ ಮಾಡುತ್ತಾ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮಾಡುತ್ತದೆ. ಸ್ವಲ್ಪ. ಸ್ವಲ್ಪ ದಿನ. ಇಷ್ಟೇ ಉತ್ತರ, ಇದನ್ನು ಕೇಳಿ ಇವತ್ತಿನವರೆಗೆ ಯಾರಿಗೂ ಸಮಾಧಾನ ಆಗಿಲ್ಲ.

ಆ ಸ್ವಲ್ಪ ಎಷ್ಟು ಅಂತಲೂ ಹೇಳಿಬಿಡುತ್ತೇನೆ. ಹೊಸದಾಗಿ ಶುರುವಾದ ಸೊಂಟನೋವಿಗೆ ಬೆನ್ನುಮೂಳೆಯನ್ನು ಒತ್ತಿ, ತಿರುಗಿಸಿ ಕೊಡುವ ಚಿಕಿತ್ಸೆಯ 26 ಪ್ರಯೋಗಗಳನ್ನು ಕಲೆಹಾಕಿ 2017ರಲ್ಲಿ ಜಾಮಾ ಅನ್ನುವ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೆಕ್ಕ ಬಂತು. ನೋವನ್ನು 0ರಿಂದ 100ರವರೆಗೆ ಅಳೆದರೆ, ಆರು ವಾರದೊಳಗೆ ಈ ಚಿಕಿತ್ಸೆ ಇಲ್ಲದವರಿಗಿಂತ ಹೆಚ್ಚಾಗಿ ಸಿಕ್ಕ ಲಾಭ ಸುಮಾರು 10 ಅಂಕ. ಹಳೇ ನೋವಿನ ಕಥೆ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ 2019ರಲ್ಲಿ ಬಂತು: 47 ಪ್ರಯೋಗ, 9 ಸಾವಿರಕ್ಕೂ ಜಾಸ್ತಿ ಜನ. ವ್ಯಾಯಾಮದಂಥ ಬೇರೆ ಒಳ್ಳೆ ಚಿಕಿತ್ಸೆಗಳಷ್ಟೇ ಗುಣ ಇದರಲ್ಲೂ ಕಂಡಿತು. ಕುತ್ತಿಗೆನೋವಿಗೆ 2012ರಲ್ಲಿ 272 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಕೈ ಚಿಕಿತ್ಸೆ ಮಾತ್ರೆಗಳನ್ನು ಹಿಂದೆ ಹಾಕಿತು. ನಾನು ಕಾಲರ್ ಎತ್ತಿಕೊಳ್ಳುವಷ್ಟರಲ್ಲಿ ಮುಂದಿನ ಸಾಲು ಓದಿದೆ. ಎರಡೇ ಸಲ ಹೇಳಿಕೊಟ್ಟು ಮನೆಯಲ್ಲಿ ಮಾಡಿಸಿದ ವ್ಯಾಯಾಮವೂ ಹೆಚ್ಚುಕಮ್ಮಿ ಅಷ್ಟೇ ಫಲ ಕೊಟ್ಟಿತ್ತು.

ಪ್ರಶ್ನೆಗಿಂತ ಜಾಸ್ತಿ ಉರಿಸುವುದು ಅದರ ಜೊತೆ ಬರುವ ಮಾತು. "ಮೂಳೆ ಜರುಗಿದೆ, ಕೂರಿಸಿ."

ಒಂದ್ಸಲ ನೆಂಟರ ಮನೆಗೆ ಹೋಗಿದ್ದೆ. ಊಟ ಆಗಿ ಕೈ ತೊಳೆಯುತ್ತಿದ್ದೇನೆ, ಹಿಂದೆ ಒಬ್ಬರು ಫೋನ್ ಹಿಡಿದು ನಿಂತಿದ್ದಾರೆ. ಫೋನಿನಲ್ಲಿ ಯಾರೋ ಯಾರದ್ದೋ ಕತ್ತನ್ನು ನೀರಿನ ನಲ್ಲಿ ತಿರುಗಿಸಿದ ಹಾಗೆ ತಿರುಗಿಸಿ ಟಕ್ ಅನ್ನಿಸುತ್ತಿದ್ದಾನೆ. "ನನಗೂ ಹೀಗೇ ಒಂದು ಮಾಡಿಬಿಡಮ್ಮ, ನಾಲ್ಕು ದಿನದಿಂದ ಕತ್ತು ಹಿಡ್ಕೊಂಡಿದೆ" ಅಂದವರು ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಹಾಲಿನಲ್ಲಿ ಚಾಪೆ ಮೇಲೆ ಮಲಗಿಯೇಬಿಟ್ಟರು. ಸುತ್ತ ಜನ ಬೇರೆ. ನಾನು ಮಾಡಲ್ಲ ಅಂದೆ. ಯಾವ ಪರೀಕ್ಷೆಯೂ ಇಲ್ಲದೆ, ತಲೆಸುತ್ತು ಇದೆಯಾ, ಕೈ ಜೋಮು ಹಿಡಿಯುತ್ತಾ ಅಂತ ಒಂದು ಮಾತೂ ಕೇಳದೆ ವಯಸ್ಸಾದವರ ಕತ್ತು ತಿರುಗಿಸುವ ಧೈರ್ಯ ನನಗಿಲ್ಲ. ಕುತ್ತಿಗೆಯ ರಕ್ತನಾಳ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳಿವೆ, ತೀರಾ ಅಪರೂಪ, ಆದರೂ ಇವೆ. ಅವರ ಹೆಂಡತಿ ಪಕ್ಕದವರಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು: "ಸುಮ್ನೆ ಓದಿದ್ದಾಳೆ."

ಆ ಟಕ್ ಶಬ್ದ ಮೂಳೆ ಜಾಗಕ್ಕೆ ಕೂತದ್ದಲ್ಲ. ಮೂಳೆ ಜರುಗಿರುವುದೇ ಇಲ್ಲ, ನಿಜವಾಗಿ ಜರುಗಿದ್ದರೆ ನೀವು ಊಟಕ್ಕೆ ಬರುತ್ತಿರಲಿಲ್ಲ, ಆಸ್ಪತ್ರೆಯಲ್ಲಿರುತ್ತಿದ್ದಿರಿ. 2015ರಲ್ಲಿ ಕೆನಡಾದ ಸಂಶೋಧಕರು ಎಂಆರ್‌ಐ ಯಂತ್ರದೊಳಗೆ ಬೆರಳು ಎಳೆದು ನೆಟಿಕೆ ತೆಗೆಸಿ ನೋಡಿದರು. ಕೀಲಿನ ಎರಡು ಮೂಳೆ ದೂರವಾದ ಕ್ಷಣದಲ್ಲಿ ಒಳಗಿನ ದ್ರವದಲ್ಲಿ ಗಾಳಿಗುಳ್ಳೆಯಂಥ ಜಾಗ ಹುಟ್ಟುತ್ತದೆ, ಸದ್ದು ಅದರದ್ದು. ನೀವು ಬೆರಳಲ್ಲಿ ಪುಕ್ಕಟೆ ತೆಗೆಯುವ ನೆಟಿಕೆಯನ್ನೇ ಬೆನ್ನಲ್ಲಿ ತೆಗೆದರೆ ದುಡ್ಡು ಕೊಡುತ್ತೀರಿ.

ನನ್ನನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿರುವ ಪ್ರಶ್ನೆ ಬೇರೆ ಇದೆ. "ನೀವು ಮುಟ್ಟದೇ ಇದ್ದಿದ್ದರೂ ಕಮ್ಮಿ ಆಗ್ತಿತ್ತಾ?" ಯಾರೂ ಕೇಳಲ್ಲ. ಕೇಳಿದರೆ ತೊಂದರೆ ನನಗೇ, ಯಾಕೆಂದರೆ ಹೊಸ ಸೊಂಟನೋವು ಬಹಳ ಜನರಲ್ಲಿ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತದೆ, ಮತ್ತು ಜನ ನನ್ನ ಹತ್ತಿರ ಬರುವುದು ನೋವು ತುತ್ತತುದಿಯಲ್ಲಿರುವ ದಿನ. ಅಲ್ಲಿಂದ ಅದು ಇಳಿಯಲೇಬೇಕು, ಹೆಸರು ನನಗೆ ಬರುತ್ತದೆ. ಇದನ್ನು ಬಿಡಿಸಿ ನೋಡುವುದು ಕಷ್ಟ. ಸಕ್ಕರೆ ಮಾತ್ರೆ ಕೊಟ್ಟು ಔಷಧಿ ಅನ್ನಬಹುದು, ಸುಳ್ಳು ಕೈ ಎಲ್ಲಿಂದ ತರುವುದು? ಫ್ರಾನ್ಸಿನಲ್ಲಿ ಸೊಂಟನೋವಿನ 400 ಜನರ ಮೇಲೆ ಅದನ್ನೂ ಪ್ರಯತ್ನಿಸಿದರು, ಅರ್ಧ ಜನಕ್ಕೆ ಸುಮ್ಮನೆ ಹಗುರವಾಗಿ ಮುಟ್ಟಿದರು. ದಿನದ ಓಡಾಟ, ಕೆಲಸ ಎಷ್ಟು ಸಲೀಸಾಯಿತು ಅನ್ನುವುದರಲ್ಲಿ ನಿಜವಾದ ಚಿಕಿತ್ಸೆ ಗೆದ್ದಿತು, ಆದರೆ ರೋಗಿಗೆ ಗೊತ್ತಾಗುವುದೂ ಅನುಮಾನ ಅನ್ನುವಷ್ಟು ಸಣ್ಣ ಅಂತರದಲ್ಲಿ. ಅದು 2021ರಲ್ಲಿ ಪ್ರಕಟವಾದಾಗ ಎರಡು ದಿನ ನನ್ನ ಮನಸ್ಸು ಸರಿ ಇರಲಿಲ್ಲ.

ಹಾಗಾದ್ರೆ ಯಾಕೆ ಮಾಡ್ತೀರಿ ಅಂತೀರಾ? ಸೊಂಟ ಹಿಡಿದವರು ಉಸಿರು ಬಿಗಿ ಹಿಡಿದೇ ಮಲಗುತ್ತಾರೆ. ಹೆಬ್ಬೆರಳು ಇಟ್ಟರೆ ಕೆಳಗೆ ಹಲಗೆ ಮುಟ್ಟಿದ ಹಾಗೆ. ಐದಾರು ನಿಮಿಷ ನಿಧಾನಕ್ಕೆ ಒತ್ತುತ್ತಾ ಹೋದರೆ ಒಂದು ಹೊತ್ತಿನಲ್ಲಿ ದೊಡ್ಡ ಉಸಿರು ಹೊರಗೆ ಬರುತ್ತದೆ, ಬೆರಳಡಿ ಹಲಗೆ ಮೆತ್ತಗಾಗುತ್ತದೆ. ಆಗ "ಏಳಿ, ಬಗ್ಗಿ ನೋಡಿ" ಅಂದರೆ ಹತ್ತು ದಿನದಿಂದ ಬಗ್ಗದವರು ಬಗ್ಗುತ್ತಾರೆ. ಆ ಹತ್ತು ಅಂಕದ ಲಾಭದಲ್ಲಿ ಅವರನ್ನು ನಡೆಸಬೇಕು, ವ್ಯಾಯಾಮ ಹಿಡಿಸಬೇಕು. ಯಾವ ಚಿಕಿತ್ಸೆ ಕೊಡಬೇಕು ಅಂತ ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೇಳಿದ್ದೂ ಅದೇ, ಕೈ ಚಿಕಿತ್ಸೆ ಬೇಕಾದರೆ ವ್ಯಾಯಾಮದ ಜೊತೆ ಕೊಡಿ, ಅದೊಂದನ್ನೇ ಬೇಡ. ವ್ಯಾಯಾಮ ಅಂದ ತಕ್ಷಣ ಅರ್ಧ ಜನ ನಾಪತ್ತೆ, ಅದು ಬೇರೆ ವಿಷಯ.

ಚಾಪೆ ಮೇಲೆ ಮಲಗಿದ್ದವರು ಹತ್ತು ದಿನ ಬಿಟ್ಟು ಫೋನ್ ಮಾಡಿದ್ದರು. "ನೀನೇನೂ ಮಾಡ್ಲಿಲ್ಲ, ತಾನಾಗೇ ಹೋಯ್ತು ನೋಡು!" ದನಿಯಲ್ಲಿ ಗೆದ್ದ ಖುಷಿ. ಇಷ್ಟು ವರ್ಷ ನಾನು ಕಾಯುತ್ತಿದ್ದ ಮಾತನ್ನು ಬೈಗುಳದ ಹಾಗೆ ಹೇಳಿದ್ದು ಅವರೊಬ್ಬರೇ. ಖುಷಿಯಿಂದ ವಿವರಿಸೋಣ ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ಹೆಂಡತಿಯ ಭುಜ ಜರುಗಿದೆಯಂತೆ, ಯಾವಾಗ ಕರ್ಕೊಂಡು ಬರಲಿ ಅಂತ ಕೇಳಿದರು.