ರಟ್ಟಿನೊಳಗಿನ ಕಾಗದ

ಕೈರೋದ ತಹ್ರೀರ್ ಚೌಕದಲ್ಲಿ ಮೆಟ್ರೋ ಹತ್ತಿದರೆ ನಾಲ್ಕನೇ ನಿಲ್ದಾಣ ಮಾರ್ ಗಿರ್ಗಿಸ್. ಇಳಿದು ಹೊರಗೆ ಬಂದರೆ ಎದುರಿಗೇ ರೋಮನ್ನರ ಕೋಟೆಯ ದುಂಡು ಗೋಪುರ, ಪಕ್ಕದಲ್ಲಿ 1908ರಲ್ಲಿ ಶುರುವಾದ ಕಾಪ್ಟಿಕ್ ಮ್ಯೂಸಿಯಂ. ಕಾಪ್ಟರು ಅಂದರೆ ಈಜಿಪ್ಟಿನ ಕ್ರೈಸ್ತರು. ಹಿಂದಿನ ದಿನ ಪಿರಮಿಡ್ ಸುತ್ತಿ ಸುಸ್ತಾಗಿದ್ದ ನಮ್ಮ ಮನೆಯವರು ಅಂಗಳದ ನೆರಳಲ್ಲೇ ಕೂತರು. ನಾನೊಬ್ಬಳೇ ಒಳಗೆ ಹೋದೆ.

ನಾನು ಬಂದದ್ದು ಈಜಿಪ್ಟಿನ ನಾಗ್ ಹಮ್ಮಾದಿ ಎಂಬ ಊರಿನ ಹತ್ತಿರದ ಹಳೆಯ ಧಾರ್ಮಿಕ ಪುಸ್ತಕಗಳಿಗಾಗಿ. 1945ರಲ್ಲಿ, ಹೊಲಕ್ಕೆ ಗೊಬ್ಬರದ ಮಣ್ಣು ಅಗೆಯಲು ಹೋದ ರೈತರಿಗೆ ಮಡಕೆಯೊಂದರಲ್ಲಿ ಸಿಕ್ಕವು. ಪಪೈರಸ್ ಹಾಳೆಯ 13 ಪುಸ್ತಕಗಳು, ನಾಲ್ಕನೇ ಶತಮಾನದವು. ಗಾಜಿನಡಿ ಕಂದು ಹಾಳೆಯ ಅಂಚು ಒಡೆದಿದೆ, ಅಕ್ಷರ ಮಾತ್ರ ಇನ್ನೂ ಕಪ್ಪಗಿದೆ.

ಆದರೆ ನನಗೆ ಪುಸ್ತಕಕ್ಕಿಂತ ರಟ್ಟಿನ ಮೇಲೇ ಆಸೆ ಜಾಸ್ತಿ. ಚರ್ಮದ ಹೊದಿಕೆ ಗಟ್ಟಿಯಾಗಲಿ ಅಂತ ಆಗಿನವರು ಒಳಗೆ ರದ್ದಿ ಪಪೈರಸ್ ಅಂಟಿಸುತ್ತಿದ್ದರು. ನಾವು ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಪಠ್ಯಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದೆವಲ್ವಾ, ಹಾಗೆ. ಏಳನೇ ಪುಸ್ತಕದ ರಟ್ಟನ್ನು ವಿದ್ವಾಂಸರು ಬಿಡಿಸಿದಾಗ 348ನೇ ಇಸವಿಯ ದಾಖಲೆಯೊಂದು ಸಿಕ್ಕಿತು. ಅಂದರೆ ಆ ಪುಸ್ತಕ ಕಟ್ಟಿದ್ದು ಅದಕ್ಕೂ ಈಚೆಗೆ.

ಅದೇ ರಟ್ಟಿನಲ್ಲಿ ಈಜಿಪ್ಟಿನ ಹಳೆಯ ಭಾಷೆಯಾದ ಕಾಪ್ಟಿಕ್‌ನಲ್ಲಿ ಬರೆದ ಪತ್ರದ ಚೂರೊಂದಿತ್ತು. ಪಪ್ನೂತೆ ಎಂಬವನು ತನ್ನ ಪ್ರೀತಿಯ ‘ತಂದೆ’ ಪಹೋಮ್‌ಗೆ ಬರೆದದ್ದು. ಈಜಿಪ್ಟಿನಲ್ಲಿ ಮಠಗಳನ್ನು ಕಟ್ಟಿದ ಪಖೋಮಿಯಸ್ಸೇ ಈ ಪಹೋಮ್ ಎಂದು ಕೆಲವರು ಊಹಿಸುತ್ತಾರೆ, ಎಲ್ಲರೂ ಒಪ್ಪಿಲ್ಲ. ಜೊತೆಗೇ ಸಿಕ್ಕ ಒಂದು ಗ್ರೀಕ್ ಕಾಗದ ನನಗೆ ಇನ್ನೂ ಹತ್ತಿರ. ಹೆಂಗಸೊಬ್ಬಳು ಇಬ್ಬರು ಸನ್ಯಾಸಿಗಳನ್ನು ಕೇಳುತ್ತಾಳೆ: ಇಲ್ಲಿ ಹೊಟ್ಟು ಸಿಗುತ್ತಿಲ್ಲ, ನಿಮ್ಮ ಕಡೆ ಇದ್ದರೆ ನೋಡಿ, ಗಾಡಿಗೆ ಎಷ್ಟು ಅಂತ ತಿಳಿಸಿ. ನಮ್ಮಮ್ಮ ಬೇಸಿಗೆಯಲ್ಲಿ ಹುಲ್ಲಿಗಾಗಿ ಪಕ್ಕದೂರಿಗೆ ಹೇಳಿ ಕಳಿಸುತ್ತಿದ್ದ ಮಾತೇ ಇದು! ಗಾಜಿನ ಮುಂದೆ ನಿಂತು ಕಣ್ಣು ತುಂಬಿ ಬಂತು.

ಕಾಪ್ಟಿಕ್ ಲಿಪಿ ಓದಲು ನನಗೆ ಬರುವುದಿಲ್ಲ. ಗ್ರೀಕಿನ 24 ಅಕ್ಷರಗಳ ಜೊತೆಗೆ ಹಳೆಯ ಈಜಿಪ್ಟ್ ಬರಹದಿಂದ ಆರೇಳು ಅಕ್ಷರ ಸೇರಿವೆ. ಗ್ರೀಕಿನಲ್ಲಿಲ್ಲದ ಉಚ್ಚಾರಣೆಗೆ ಅವು ಬೇಕಿದ್ದವು. ನಾವು ‘ಫ಼’, ‘ಜ಼’ಗೆ ಚುಕ್ಕಿ ಇಟ್ಟುಕೊಂಡ ಹಾಗೆ. ಅವುಗಳಲ್ಲಿ ‘ಶೈ’ ಒಂದನ್ನು ಕಲಿತುಕೊಂಡು ಹೋಗಿದ್ದೆ. ಇಂಗ್ಲಿಷಿನ ಡಬ್ಲ್ಯುಗೆ ಬಾಲ ಅಂಟಿಸಿದಂತಿರುತ್ತದೆ. ಸಾಲು ಸಾಲಾಗಿ ಅದನ್ನೇ ಹುಡುಕಿದೆ. ಸಿಕ್ಕಿತು, ಮತ್ತೆ ಸಿಕ್ಕಿತು.

ಆಮೇಲೆ ಇಬ್ಬರೂ ಪಕ್ಕದ ತೂಗು ಚರ್ಚಿಗೆ ಹೋದೆವು. ಕೋಟೆಯ ಬಾಗಿಲ ಮೇಲೆ ಕಟ್ಟಿದ್ದಕ್ಕೆ ಆ ಹೆಸರು. ಕಾಪ್ಟಿಕ್ ಈಗ ಯಾರ ಮನೆಮಾತೂ ಅಲ್ಲ, ಆದರೆ ಪೂಜೆಯಲ್ಲಿ ಉಳಿದಿದೆ. ಅಲ್ಲೊಂದು ಪ್ರಾರ್ಥನೆ ಪುಸ್ತಕ ತೆರೆದಿತ್ತು, ಒಂದು ಕಡೆ ಅರಬ್ಬಿ, ಇನ್ನೊಂದು ಕಡೆ ಕಾಪ್ಟಿಕ್. ಮೂರನೇ ಸಾಲಿನಲ್ಲಿ ‘ಶೈ’ ಇತ್ತು. ಇವರನ್ನು ಕರೆದು ತೋರಿಸಿದೆ.