ಆರು ವರ್ಷಗಳಲ್ಲಿ ಮುಗಿದ ಹಾಡುಗಾರಿಕೆ: ಜಿಮ್ಮಿ ರಾಜರ್ಸ್

ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ಜನಕನೆಂದು ಕರೆಸಿಕೊಳ್ಳುವ ಜಿಮ್ಮಿ ರಾಜರ್ಸ್ ಹಾಡುಗಾರನಾಗಿ ನೆಲೆ ನಿಂತದ್ದು ಕಾಯಿಲೆಯ ದೆಸೆಯಿಂದ ಎಂದೇ ನನಗನ್ನಿಸುತ್ತದೆ. 1897ರಲ್ಲಿ ಹುಟ್ಟಿದ ಆತ ಮಿಸಿಸಿಪಿಯ ಮೆರಿಡಿಯನ್ ಸೀಮೆಯವನು. ತಂದೆಯಂತೆ ರೈಲ್ವೆ ಸೇರಿ ಬ್ರೇಕ್‌ಮನ್ (ರೈಲುಬೋಗಿಗಳ ಬ್ರೇಕ್ ನೋಡಿಕೊಳ್ಳುವವ) ಆಗಿ ದುಡಿಯುತ್ತಿದ್ದಾಗ, 1924ರಲ್ಲಿ, ಕ್ಷಯ ಅಂಟಿರುವುದು ಗೊತ್ತಾಯಿತು. ಮೈಮುರಿಯುವ ರೈಲ್ವೆ ಕೆಲಸ ಕೈಬಿಟ್ಟ ಮೇಲೆ ಹೊಟ್ಟೆಪಾಡಿಗೆ ಉಳಿದದ್ದು ಹಾಡು. ಅದಕ್ಕೆ ಬೇಕಾದದ್ದೋ ಗಟ್ಟಿ ಶ್ವಾಸಕೋಶ!

1927ರ ಆಗಸ್ಟ್‌ನಲ್ಲಿ ಗ್ರಾಮಫೋನ್ ತಟ್ಟೆ ತಯಾರಿಸುವ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್, ಟೆನೆಸಿ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಪಟ್ಟಣದಲ್ಲಿ ಧ್ವನಿಮುದ್ರಣ ಯಂತ್ರಗಳನ್ನು ಹೂಡಿದ್ದರು. ಮುದ್ರಣದ ಹೊತ್ತಿಗೆ ಸರಿಯಾಗಿ ರಾಜರ್ಸ್‌ನ ವಾದ್ಯತಂಡದ ಜೊತೆಗಾರರು ಮುನಿಸಿಕೊಂಡು ಬೇರೆಯಾದ್ದರಿಂದ, ಆಗಸ್ಟ್ 4ರಂದು ರಾಜರ್ಸ್ ಗಿಟಾರ್ ಹಿಡಿದು ಒಬ್ಬನೇ ಎರಡು ಹಾಡು ಹಾಡಿದ. ಆ ಜಗಳ ಆದದ್ದೇ ಒಳ್ಳೆಯದಾಯಿತು. ಏಕೆಂದರೆ ಆತ ತಾಳಕ್ಕೆ ಕಟ್ಟುಬಿದ್ದವನಲ್ಲ. ಮನಸ್ಸು ಬಂದಲ್ಲಿ ಒಂದೆರಡು ಮಾತ್ರೆ ಹೆಚ್ಚಿಸಿ, ಬೇಡವೆನಿಸಿದಲ್ಲಿ ನುಂಗಿಬಿಡುವ ಅವನ ರೂಢಿ ಪಕ್ಕವಾದ್ಯದವರನ್ನು ಪೇಚಿಗೆ ಸಿಲುಕಿಸುತ್ತಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಮುದ್ರಿಸಿದ ‘ಬ್ಲೂ ಯೋಡಲ್’ ಅವನನ್ನು ದೇಶಕ್ಕೆಲ್ಲ ಪರಿಚಯಿಸಿತು. ಕಪ್ಪು ಜನರ ಬ್ಲೂಸ್ ಎಂಬ ಹಾಡಿನ ಬಗೆಯ ಕಟ್ಟಿನಲ್ಲಿ ಚರಣ ಹಾಡಿ, ಅದು ಮುಗಿದಲ್ಲಿ ದನಿಯನ್ನು ಒಮ್ಮೆಗೇ ಮೇಲಕ್ಕೆ ಒಡೆದು ಯೋಡಲಿಂಗ್ ಮಾಡುವ ಈ ಬಗೆ ಎಷ್ಟು ಒಪ್ಪಿಗೆಯಾಯಿತೆಂದರೆ, ಅದೇ ಹೆಸರಿಗೆ ಸಂಖ್ಯೆ ಹಚ್ಚಿದ ಹಾಡುಗಳ ಸಾಲೇ ಹೊರಬಂದಿತು.

ಆ ಸಾಲಿನ ಒಂಬತ್ತನೆಯದನ್ನು 1930ರ ಜುಲೈನಲ್ಲಿ ಹಾಲಿವುಡ್‌ನಲ್ಲಿ ಮುದ್ರಿಸಿದಾಗ ಟ್ರಂಪೆಟ್ ನುಡಿಸಿದವರು ಕಪ್ಪು ಜನರ ಜಾಸ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್. ಪಿಯಾನೋದಲ್ಲಿದ್ದವರು ಅವರ ಪತ್ನಿ ಲಿಲ್. ವರ್ಣಭೇದದ ಆ ದಿನಗಳಲ್ಲಿ ಬಿಳಿಯನೊಬ್ಬನ ಹಾಡಿಗೆ ಕೂಡಿ ನುಡಿಸಿದ ಅವರಿಬ್ಬರ ಹೆಸರನ್ನು ತಟ್ಟೆಯ ಲೇಬಲ್ ಮೇಲೆ ಅಚ್ಚು ಹಾಕಲಿಲ್ಲ.

ಕಾಯಿಲೆಯನ್ನು ಆತ ಮುಚ್ಚಿಡಲಿಲ್ಲ. 1931ರಲ್ಲಿ ಕ್ಷಯದ ಮೇಲೆಯೇ ಹಾಡು ಕಟ್ಟಿ ಮುದ್ರಿಸಿದ. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕಿಗೆ ಬಂದಾಗ ಎದೆ ಪೂರ್ತಿ ಕುಸಿದಿತ್ತು. ಹಾಡು ಹಾಡಿಗೂ ನಡುವೆ ಮಲಗಿ ಸುಧಾರಿಸಿಕೊಳ್ಳಲು ಸ್ಟುಡಿಯೋದವರು ಮಂಚ ಹಾಕಿಸಿದ್ದರು. ಮೇ 24ರಂದು ಕೊನೆಯ ಹಾಡುಗಳನ್ನು ಮುಗಿಸಿ, 26ರಂದು ಹೋಟೆಲಿನಲ್ಲಿ ತೀರಿಕೊಂಡಾಗ ಆತನಿಗೆ ವಯಸ್ಸು 35. 1961ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ತನ್ನ ಮೊದಲ ಸುತ್ತಿನ ಮೂವರಲ್ಲಿ ಒಬ್ಬನಾಗಿ ಅವನನ್ನು ಗೌರವಿಸಿತು.

ಅದಕ್ಕಿಂತ ನನಗೆ ಹೆಚ್ಚು ಸೋಜಿಗವೆನಿಸುವುದು ಕೀನ್ಯಾದ ಕಥೆ. ಗ್ರಾಮಫೋನ್ ತಟ್ಟೆಗಳ ಮೂಲಕ ಅವನ ದನಿ ಕೇಳಿದ ಕಿಪ್ಸಿಗಿಸ್ ಜನ ಅವನನ್ನು ‘ಚೆಮಿರೋಚಾ’ ಎಂದು ಕರೆದು, ಅರ್ಧ ಮನುಷ್ಯ ಅರ್ಧ ಹುಲ್ಲೆಯ ರೂಪ ಕೊಟ್ಟು, ತಮ್ಮದೇ ಹಾಡು ಕಟ್ಟಿಕೊಂಡಿದ್ದರು. 1950ರಲ್ಲಿ, ಆಫ್ರಿಕಾದ ಸಂಗೀತ ಸಂಗ್ರಹಿಸುತ್ತಿದ್ದ ಹ್ಯೂ ಟ್ರೇಸಿ, ಹುಡುಗಿಯರು ಹಾಡಿದ ಅದನ್ನು ಧ್ವನಿಮುದ್ರಿಸಿದರು. ಅಂತರ್ಜಾಲದಲ್ಲಿ ಹುಡುಕಿದರೆ ಹುಡುಗಿಯರ ಆ ದನಿಗಳು ಈಗಲೂ ಕೇಳಸಿಗುತ್ತವೆ.