ಎಂಎಕ್ಸ್-5ಗೆ ಅಲ್ಯೂಮಿನಿಯಂ ರೇಡಿಯೇಟರ್: ಕೂರಿಸುವ ಮೊದಲು ಗಾಳಿಯ ದಾರಿ ನೋಡಿ

ಮಾಜ್ದಾ ಎಂಎಕ್ಸ್-5ರ ಮೊದಲ ಎರಡು ಪೀಳಿಗೆ, ಅಂದರೆ 1989ರಿಂದ 2005ರವರೆಗಿನ ಎನ್ಎ ಮತ್ತು ಎನ್‌ಬಿ ಕಾರುಗಳಲ್ಲಿ ರೇಡಿಯೇಟರ್ ಬದಲಿಸುವುದು ಅರ್ಧ ದಿನದ ಕೆಲಸ. ಬೋಲ್ಟು ಬಿಚ್ಚಿ ಕಟ್ಟುವುದರಲ್ಲಿ ಕಷ್ಟವೇನಿಲ್ಲ. ಆದರೂ ಹೊಸ ದಪ್ಪ ರೇಡಿಯೇಟರ್ ಹಾಕಿದ ಕಾರು ಮತ್ತೆ ಬಿಸಿಯಾಗುತ್ತಿದೆ ಎಂದು ಗ್ಯಾರೇಜಿಗೆ ವಾಪಸ್ ಬರುವುದುಂಟು. ಅಂಥ ಕಡೆ ಹೆಚ್ಚಿನ ಸಲ ದೋಷ ಹೊಸ ಪಾರ್ಟಿನಲ್ಲಿ ಇರುವುದಿಲ್ಲ, ಅದರ ಸುತ್ತ ಇರುತ್ತದೆ.

ಮೊದಲು ಕಾರು ಯಾವಾಗ ಬಿಸಿಯಾಗುತ್ತದೆ ಎಂದು ಕೇಳಿ. ಟ್ರಾಫಿಕ್ಕಿನಲ್ಲಿ ನಿಂತಾಗ ಬಿಸಿಯಾಗಿ, ಓಡಲು ಶುರುಮಾಡಿದ ಮೇಲೆ ಇಳಿದರೆ ಫ್ಯಾನು, ಅದರ ರಿಲೇ, ಸ್ವಿಚ್ಚು ನೋಡಬೇಕು. ಎನ್ಎ ಕಾರಿನಲ್ಲಿ ಇದಕ್ಕೆ ಸುಲಭದ ಪರೀಕ್ಷೆ ಇದೆ. ಬಾನೆಟ್ ಕೆಳಗಿನ ಡಯಾಗ್ನೋಸಿಸ್ ಪೆಟ್ಟಿಗೆಯಲ್ಲಿ ಟಿಎಫ್ಎ ಮತ್ತು ಜಿಎನ್‌ಡಿ ಎಂಬ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ ಇಗ್ನಿಷನ್ ಹಾಕಿದರೆ ಫ್ಯಾನು ತಿರುಗಬೇಕು. ತಿರುಗಿದರೆ ಮೋಟರು, ರಿಲೇ ಸರಿ ಇವೆ. ಇನ್ನು ಅನುಮಾನ ಸುಮಾರು 97 ಡಿಗ್ರಿಗೆ ಆನ್ ಆಗುವ ಥರ್ಮೋಸ್ವಿಚ್ಚಿನ ಮೇಲೆ. ಇದಕ್ಕೆ ರೇಡಿಯೇಟರ್ ಕೊಳ್ಳುವ ಅಗತ್ಯವೇ ಇಲ್ಲ. ಹೆದ್ದಾರಿಯಲ್ಲಿ, ಟ್ರ್ಯಾಕಿನಲ್ಲಿ, ವೇಗ ಹೆಚ್ಚಿದ ಹಾಗೆಲ್ಲ ಬಿಸಿ ಏರಿದರೆ ಆಗ ಫ್ಯಾನಿನ ತಪ್ಪಲ್ಲ. ಕೋರ್, ಅಂದರೆ ರೇಡಿಯೇಟರಿನ ಟ್ಯೂಬು-ರೆಕ್ಕೆಗಳ ಭಾಗ, ಕಟ್ಟಿಕೊಂಡಿರಬೇಕು, ಇಲ್ಲವೇ ಗಾಳಿ ಕೋರಿನೊಳಗೆ ಹೋಗದೆ ಪಕ್ಕದಿಂದ ಜಾರುತ್ತಿರಬೇಕು.

ಡ್ಯಾಶಿನಲ್ಲಿ ಬಿಸಿ ತೋರಿಸುವ ಮುಳ್ಳನ್ನು ಪೂರ್ತಿ ನಂಬಬೇಡಿ. ಅದು ತುಂಬ ಅಗಲವಾದ ಬಿಸಿ ವ್ಯಾಪ್ತಿಗೆ ಒಂದೇ ಜಾಗದಲ್ಲಿ ಕೂತಿರುತ್ತದೆ. ಮೇಲೆ ಹತ್ತುವಷ್ಟರಲ್ಲಿ ಹಾನಿ ಶುರುವಾಗಿರುತ್ತದೆ. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಸೇರಿಸುವ ಒಬಿಡಿ ಪೋರ್ಟ್ ಇದ್ದರೆ ಸ್ಕ್ಯಾನರ್ ಹಾಕಿ ನಿಜವಾದ ಡಿಗ್ರಿ ಓದಿ.

ಗಾಳಿಯ ವಿಷಯದಲ್ಲಿ ಈ ಕಾರಿಗೆ ಒಂದು ಹಳೆಯ ಕಾಯಿಲೆ ಇದೆ: ಮೂತಿಯ ಕೆಳಗಿನ ಪ್ಲಾಸ್ಟಿಕ್ ಅಂಡರ್‌ಟ್ರೇ ಇಲ್ಲದಿರುವುದು. ಆಯಿಲ್ ಬದಲಿಸುವಾಗ ಬಿಚ್ಚಿದ್ದನ್ನು ಯಾರೋ ಮೂಲೆಗೆ ಎಸೆದಿರುತ್ತಾರೆ, ಅಥವಾ ಕ್ಲಿಪ್ ಮುರಿದು ರಸ್ತೆಯಲ್ಲೇ ಬಿದ್ದುಹೋಗಿರುತ್ತದೆ. ಅದು ಬರೀ ಕೆಸರು ತಡೆಯುವ ತಟ್ಟೆಯಲ್ಲ. ಬಂಪರಿನ ಬಾಯಿಂದ ಒಳಬಂದ ಗಾಳಿಯನ್ನು ಹಿಡಿದು ರೇಡಿಯೇಟರ್ ಮೂಲಕವೇ ಹೊರಹೋಗುವಂತೆ ಮಾಡುವುದು ಅದು. ಟ್ರೇ ಇಲ್ಲದಿದ್ದರೆ ಆ ಗಾಳಿ ಕೆಳಕ್ಕೆ ಇಳಿದುಹೋಗುತ್ತದೆ, ಜೊತೆಗೆ ಎಂಜಿನ್ ಕೋಣೆಯ ಬಿಸಿ ಗಾಳಿ ಕೆಳಗಿನಿಂದ ಸುತ್ತಿ ಮತ್ತೆ ಕೋರಿನ ಮುಂದಕ್ಕೆ ಬರುತ್ತದೆ. ಮೊದಲು ಟ್ರೇ ಹಾಕಿ. ಆಮೇಲೆ ಕೋರಿನ ಎರಡು ಪಕ್ಕ ಮತ್ತು ಮೇಲ್ಭಾಗದ ಸಂದುಗಳನ್ನು ನೀರು ಹೀರದ ಫೋಮ್ ಪಟ್ಟಿಯಿಂದ ಮುಚ್ಚಿ. ಬೆರಳು ತೂರುವಷ್ಟು ಸಂದಿದ್ದರೂ ಗಾಳಿಗೆ ಅದೇ ಹೆದ್ದಾರಿ. ಇಷ್ಟು ಮಾಡಿದ ಮೇಲೂ ಬಿಸಿಯಾಗುತ್ತಿದ್ದರೆ ಮಾತ್ರ ರೇಡಿಯೇಟರಿಗೆ ಹಣ ಹಾಕಿ.

ಹಳೆಯದನ್ನು ಬದಲಿಸಲೇಬೇಕು ಎನ್ನುವುದಕ್ಕೆ ಬಣ್ಣವೇ ಸಾಕ್ಷಿ. ಕಂಪನಿಯ ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಹೊಸದರಲ್ಲಿ ಕಪ್ಪು. ವರ್ಷಗಟ್ಟಲೆ ಬೆಂದು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಯಾವತ್ತು ಬೇಕಾದರೂ ಸೀಳಬಹುದು. ಅಂಥದ್ದನ್ನು ಒತ್ತಡ ಹಾಕಿ ಪರೀಕ್ಷಿಸಲೂ ಹೋಗಬೇಡಿ.

ಹೊಸದನ್ನು ಆರಿಸುವಾಗ ದಪ್ಪ ಇದ್ದಷ್ಟೂ ಒಳ್ಳೆಯದು ಎನ್ನುವ ನಂಬಿಕೆ ಬಿಡಿ. ಕೋರ್ ದಪ್ಪವಾದಷ್ಟೂ ಗಾಳಿಗೆ ತಡೆ ಹೆಚ್ಚು. ಫ್ಯಾನು ಒಂದೇ ಎಳೆಯಬೇಕಾದ ನಿಧಾನ ಟ್ರಾಫಿಕ್ಕಿನಲ್ಲಿ ತೀರಾ ದಪ್ಪ ಕೋರ್ ತೆಳುವಾದದ್ದಕ್ಕಿಂತ ಹಿಂದೆ ಬೀಳಬಹುದು. ರಸ್ತೆಯ ಕಾರಿಗೆ 36 ಮಿ.ಮೀ. ಸುತ್ತಮುತ್ತಲಿನ ಕೋರ್ ಧಾರಾಳ. 50 ದಾಟಿದ್ದು ಟರ್ಬೊ ಹಾಕಿದ ಅಥವಾ ಟ್ರ್ಯಾಕಿಗೆ ಹೋಗುವ ಕಾರಿಗೆ, ಅದೂ ಗಾಳಿಯ ದಾರಿ ಪಕ್ಕಾ ಇದ್ದರೆ. ಗೇರ್‌ಬಾಕ್ಸ್ ಆಟೊಮ್ಯಾಟಿಕ್ ಆಗಿದ್ದರೆ ಅದರ ಆಯಿಲ್ ಪೈಪು ಸೇರುವ ಕೂಲರ್ ರೇಡಿಯೇಟರಿನೊಳಗೆ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿ.

ಪೆಟ್ಟಿಗೆ ಬಿಚ್ಚಿದ ತಕ್ಷಣ ಹಳೆಯದರ ಪಕ್ಕ ಇಟ್ಟು ಅಳೆಯಿರಿ: ಕೆಳಗಿನ ಎರಡು ಗೂಟ, ಮೇಲಿನ ಬ್ರಾಕೆಟ್, ಹೋಸ್ ಬಾಯಿ, ಫ್ಯಾನು ಕೂರುವ ತೂತು. ತೂತು ಒಂದೆರಡು ಮಿ.ಮೀ. ಆಚೀಚೆ ಇರುವುದು ಮಾಮೂಲು. ಆಗ ಫ್ಯಾನಿನ ಚೌಕಟ್ಟಿನ ತೂತನ್ನು ಅರದಿಂದ ಉದ್ದ ಮಾಡಿ, ರೇಡಿಯೇಟರನ್ನು ಎಳೆದು ಬಗ್ಗಿಸಬೇಡಿ. ಎಳೆದು ಕಟ್ಟಿದ ಅಲ್ಯೂಮಿನಿಯಂ ಕಾಲಕ್ರಮೇಣ ವೆಲ್ಡಿನ ಪಕ್ಕ ಬಿರುಕು ಬಿಡಬಹುದು. ಒಳಗೆ ತಯಾರಿಕೆಯ ಪುಡಿ, ಬೆಸುಗೆಯ ಫ್ಲಕ್ಸ್ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ ಕುಲುಕಿ, ಸ್ವಚ್ಛವಾಗಿ ಬರುವವರೆಗೆ ಚೆಲ್ಲಿ.

ಬಿಚ್ಚುವ ಕೆಲಸ ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ. ಬ್ಯಾಟರಿಯ ಮೈನಸ್ ಕಳಚಿ, ಮೂತಿ ಎತ್ತಿ ಆಕ್ಸಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಜಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ. ಟ್ರೇ ತೆಗೆದು, ತಳದ ಡ್ರೇನ್ ಪ್ಲಗ್ ಬಿಚ್ಚಿ ಕೂಲಂಟನ್ನು ಬೇಸಿನ್ನಿಗೆ ಬಿಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಹಾಗಾಗಿ ಬೇಸಿನ್ ತೆರೆದಿಡಬೇಡಿ, ಮೋರಿಗೂ ಸುರಿಯಬೇಡಿ. ಮೇಲಿನ ಕೆಳಗಿನ ಹೋಸು, ರಿಸರ್ವ್ ಬಾಟಲಿಯ ಸಣ್ಣ ಪೈಪು, ಎರಡು ಫ್ಯಾನಿನ ಕನೆಕ್ಟರು ಕಳಚಿ. ಅಂಟಿಕೊಂಡ ಹೋಸನ್ನು ಸ್ಕ್ರೂಡ್ರೈವರಿನಿಂದ ಮೀಟುವುದಕ್ಕಿಂತ ತಿರುವಿ ಬಿಡಿಸಿ, ಬಾರದಿದ್ದರೆ ಉದ್ದಕ್ಕೆ ಕೊಯ್ದುಬಿಡಿ. ಹೇಗೂ ಹೊಸ ಹೋಸ್ ಹಾಕುತ್ತೀರಲ್ಲ. ಮೇಲಿನ ಬ್ರಾಕೆಟ್ ಬಿಚ್ಚಿದರೆ ಫ್ಯಾನಿನ ಸಮೇತ ಮೇಲಕ್ಕೆ ಬರುತ್ತದೆ. ಎಸಿ ಕಂಡೆನ್ಸರ್ ತನ್ನ ಜಾಗದಲ್ಲೇ ಇರಲಿ, ಗ್ಯಾಸಿನ ಪೈಪಿಗೆ ಕೈ ಹಾಕಬೇಡಿ. ಅದರ ರೆಕ್ಕೆಗಳ ನಡುವೆ ಸಿಕ್ಕ ಎಲೆ, ಹುಳುಗಳನ್ನು ಹಿಂದಿನಿಂದ ಮೆಲ್ಲಗೆ ನೀರು ಬಿಟ್ಟು ತೊಳೆಯಲು ಇದೇ ಸಮಯ. ಟೈಮಿಂಗ್ ಬೆಲ್ಟಿನ ಗಡುವು ಹತ್ತಿರ ಇದ್ದರೆ ಅದನ್ನೂ ಈಗಲೇ ಮುಗಿಸಿ. ಮುಂದೆ ಇಷ್ಟು ಜಾಗ ಸಿಗುವುದಿಲ್ಲ, ವಾಟರ್ ಪಂಪ್ ಬದಲಿಸುವುದಕ್ಕೂ ಆ ಬೆಲ್ಟನ್ನು ಬಿಚ್ಚಲೇಬೇಕು.

ಕೂಲಂಟ್ ಬಿಸಿಯಾದಾಗ ತೆರೆದು ರೇಡಿಯೇಟರಿಗೆ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ಸುಮಾರು 88 ಡಿಗ್ರಿಯದ್ದು. ಅದರ ಸಣ್ಣ ಗುಂಡುಪಿನ್ನು ಗಡಿಯಾರದ 12ರ ಕಡೆ ಬರಬೇಕು, ಗಾಳಿ ಹೊರಬೀಳುವುದು ಅಲ್ಲಿಂದ. ಥರ್ಮೋಸ್ಟಾಟ್ ತನ್ನ ಗುಣಿಯಲ್ಲಿ ಸರಿಯಾಗಿ ಕೂರದೆ ಜಾರಿದ್ದನ್ನು ಗಮನಿಸದೆ ಮುಚ್ಚಳ ಟೈಟ್ ಮಾಡಿದರೆ ಮುಚ್ಚಳದ ಕಿವಿ ಚಟ್ಟನೆ ಮುರಿಯುತ್ತದೆ. ಕೈಯಲ್ಲಿ ಒತ್ತಿ ಸಮ ಕೂತಿದೆ ಎಂದು ಖಾತ್ರಿಯಾದ ಮೇಲೆ ಮುಚ್ಚಳದ ಬೋಲ್ಟನ್ನು 19ರಿಂದ 25 ನ್ಯೂಟನ್ ಮೀಟರಿಗೆ ಟೈಟ್ ಮಾಡಿ. ಥರ್ಮೋಸ್ಟಾಟನ್ನೇ ತೆಗೆದುಹಾಕಿ ಓಡಿಸುವ ಸಲಹೆ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ, ಕಿವಿಗೊಡಬೇಡಿ.

ಫ್ಯಾನುಗಳನ್ನು ಹೊಸ ರೇಡಿಯೇಟರಿಗೆ ಮೇಜಿನ ಮೇಲೆಯೇ ಕಟ್ಟಿ. ಎಲ್ಲಕ್ಕಿಂತ ದುಬಾರಿ ತಪ್ಪು ಆಗುವುದು ಇಲ್ಲೇ: ಬೋಲ್ಟು 5 ಮಿ.ಮೀ. ಉದ್ದ ಜಾಸ್ತಿಯಾದರೂ ತುದಿ ಹೋಗಿ ಟ್ಯೂಬಿಗೆ ಚುಚ್ಚುತ್ತದೆ, ಹೊಸ ರೇಡಿಯೇಟರ್ ಗುಜರಿ. ತೂತಿನ ಆಳ ಒಂದು ಕಡ್ಡಿ ಹಾಕಿ ಅಳೆಯಿರಿ. ಎಂ6 ಬೋಲ್ಟಿಗೆ 8 ನ್ಯೂಟನ್ ಮೀಟರ್ ಸಾಕು, ಅಲ್ಯೂಮಿನಿಯಂ ಥ್ರೆಡ್ ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ. ಇಳಿಸಿದ ಮೇಲೆ ಫ್ಯಾನ್ ಮೋಟರಿನ ಹಿಂಭಾಗಕ್ಕೂ ಎಂಜಿನ್ನಿನ ಬೆಲ್ಟು, ಪುಲ್ಲಿಗಳಿಗೂ ನಡುವೆ ಕನಿಷ್ಠ 10 ಮಿ.ಮೀ. ಇರಲಿ. ಗೇರ್ ಹಾಕಿ ಬ್ರೇಕ್ ಹಿಡಿದು ಕ್ಲಚ್ ಬಿಟ್ಟಾಗ ಎಂಜಿನ್ ಅಲುಗುತ್ತದೆ, ಆ ಅಲುಗಾಟಕ್ಕೂ ಜಾಗ ಬೇಕು. ಕೆಳಗಿನ ಗೂಟಗಳು ರಬ್ಬರಿನಲ್ಲಿ ಕೂತಿವೆಯೇ ಎಂದು ಟಾರ್ಚ್ ಹಾಕಿ ನೋಡಿ. ಒಂದು ಹೊರಗೆ ಉಳಿದರೂ ಮೇಲೆ ಬ್ರಾಕೆಟ್ ಸೇರುವುದಿಲ್ಲ.

ಹೋಸಿಗೆ ಕಂಪನಿಯ ಸ್ಪ್ರಿಂಗ್ ಕ್ಲ್ಯಾಂಪನ್ನೇ ಬಳಸಿ. ಬಿಸಿಯಲ್ಲಿ ಹಿಗ್ಗಿ ತಣ್ಣಗಾದಾಗ ಕುಗ್ಗುವ ರಬ್ಬರನ್ನು ಅದು ಹಿಂಬಾಲಿಸುತ್ತದೆ. ಸ್ಕ್ರೂ ಕ್ಲ್ಯಾಂಪ್ ಹಾಗಲ್ಲ, ಬೆಳಗಿನ ಚಳಿಯಲ್ಲಿ ಹನಿ ಹನಿ ಸೋರಿ ಮಧ್ಯಾಹ್ನ ನಿಲ್ಲುವ ಲೀಕ್ ಅದರ ಕೊಡುಗೆ. ಬಾಯಿಯ ಉಬ್ಬು ಅಂಚಿನಿಂದ ಕ್ಲ್ಯಾಂಪ್ ಒಳಗಡೆ ಇರಬೇಕು, ಅಂಚಿನ ಮೇಲಲ್ಲ.

ಮುಚ್ಚಳದ ವಿಷಯಕ್ಕೆ ಬಂದರೆ, ಹೊಸ ರೇಡಿಯೇಟರಿನ ಜೊತೆ 1.3 ಬಾರ್ ಕ್ಯಾಪ್ ಬರುವುದುಂಟು. ಕಾರಿನೊಳಗೆ ಬಿಸಿ ಗಾಳಿ ಕೊಡುವ 25-30 ವರ್ಷದ ಹೀಟರ್ ಕೋರಿಗೆ ಆ ಒತ್ತಡ ಬೇಡ, 0.9 ಅಥವಾ 1.1 ಬಾರ್ ಸಾಕು. ಅರ್ಧ ಕೂಲಂಟ್, ಅರ್ಧ ನೀರು ಇದ್ದರೆ 1 ಬಾರ್ ಒತ್ತಡದಲ್ಲಿ ಕುದಿಯುವುದು 125 ಡಿಗ್ರಿ ದಾಟಿದ ಮೇಲೆ. ಕತ್ತಿನ ಆಳಕ್ಕೆ ಕ್ಯಾಪ್ ಹೊಂದದಿದ್ದರೆ ಸ್ಪ್ರಿಂಗ್ ಒತ್ತುವುದಿಲ್ಲ. ನೀರು ಬಾಟಲಿಗೆ ಹೋಗುತ್ತದೆ, ತಣ್ಣಗಾದಾಗ ವಾಪಸ್ ಬರುವುದಿಲ್ಲ. ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಅನುಮಾನಿಸುವ ಮೊದಲು ಇದನ್ನು ನೋಡಿ.

ಒಟ್ಟು ಹಿಡಿಯುವುದು ಸುಮಾರು 6 ಲೀಟರ್. ತಳದಿಂದ ಅಷ್ಟೂ ಬರುವುದಿಲ್ಲ, ಎಂಜಿನ್ ಮತ್ತು ಹೀಟರಿನಲ್ಲಿ ಒಂದಿಷ್ಟು ಉಳಿಯುತ್ತದೆ. ನೀರು ಹಾಕಿ ತೊಳೆದಿದ್ದರೆ ಉಳಿದದ್ದು ಬರೀ ನೀರು. ಆಗ ಸಮ ಬೆರಕೆ ತುಂಬಿದರೆ ಕೂಲಂಟ್ ತೆಳುವಾಗುತ್ತದೆ. ಅದರ ಬದಲು ಮೊದಲು 3 ಲೀಟರ್ ಗಟ್ಟಿ ಕೂಲಂಟ್ ಹಾಕಿ, ಮಿಕ್ಕದ್ದಕ್ಕೆ ಡಿಸ್ಟಿಲ್ಡ್ ವಾಟರ್ ಸೇರಿಸಿ. ನಮ್ಮ ಕಡೆಯ ಬೋರ್ ನೀರು ಮಾತ್ರ ಬೇಡವೇ ಬೇಡ. ಸ್ನಾನದ ಗೀಸರ್ ಕಾಯಿಲಿನ ಮೇಲೆ ಕಟ್ಟುವ ಬಿಳಿ ಸುಣ್ಣವೇ ಇಲ್ಲೂ ಸಣ್ಣ ಟ್ಯೂಬಿನಲ್ಲಿ ಕಟ್ಟುತ್ತದೆ. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ಎಂದು ಬಣ್ಣ ನೋಡಿ ಬೆರೆಸಬೇಡಿ, ಡಬ್ಬಿಯ ಮೇಲಿನ ಮಾದರಿ ಓದಿ.

ಮೂತಿ ಎತ್ತರದಲ್ಲಿ ಇರುವಾಗಲೇ ತುಂಬಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಕ್ಯಾಪ್ ತೆರೆದಿಟ್ಟು ಐಡಲಿನಲ್ಲಿ ಓಡಿಸಿ, ಮೇಲಿನ ಹೋಸನ್ನು ಹಿಂಡುತ್ತಾ ಗುಳ್ಳೆ ಬಿಡಿಸಿ. ಮಟ್ಟ ಇಳಿದಂತೆ ತುಂಬುತ್ತಾ ಹೋಗಿ, ಉಕ್ಕುವ ಮೊದಲೇ ಕ್ಯಾಪ್ ಮುಚ್ಚಿ, ಫ್ಯಾನು ಎರಡು ಸಲ ಆನ್ ಆಗಿ ಆಫ್ ಆಗುವವರೆಗೆ ಕಾಯಿರಿ. ಕಾರಿನೊಳಗೆ ಹೀಟರಿನಿಂದ ತಣ್ಣನೆ ಗಾಳಿ ಬರುತ್ತಿದ್ದರೆ ಕೂಲಂಟಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿರುವುದು, ಅಂದರೆ ಏರ್ ಲಾಕ್, ಇನ್ನೂ ಇದೆ. ಮರುದಿನ ತಣ್ಣಗಿದ್ದಾಗ ಕ್ಯಾಪ್ ತೆಗೆದು ಮಟ್ಟ ನೋಡಿ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಅದು ಗಾಳಿಯಲ್ಲ, ಸಿಲಿಂಡರಿನ ಹೊಗೆ. ಕೂಲಂಟಿನಲ್ಲಿ ಆ ಹೊಗೆ ಇದೆಯೇ ಎಂದು ತೋರಿಸುವ ನೀಲಿ ದ್ರವದ ಪರೀಕ್ಷೆ ಮಾಡಿ, ಹಳದಿಗೆ ತಿರುಗಿದರೆ ಹೆಡ್ ಗ್ಯಾಸ್ಕೆಟ್.

ಕೊನೆಯ ಪರೀಕ್ಷೆಯನ್ನು ಬಹಳ ಜನ ಬಿಡುತ್ತಾರೆ. ಮಲ್ಟಿಮೀಟರಿನ ಕಪ್ಪು ತಂತಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ತುದಿ ಲೋಹಕ್ಕೆ ತಾಗದ ಹಾಗೆ ಕೂಲಂಟಿನೊಳಗೆ. ಎಂಜಿನ್, ಲೈಟು, ಫ್ಯಾನು ಎಲ್ಲ ಓಡುವಾಗ 0.1 ವೋಲ್ಟಿನೊಳಗೆ ಇರಬೇಕು. 0.3 ದಾಟಿದರೆ ಯಾವುದೋ ಅರ್ತ್ ವೈರು ಕೆಟ್ಟು, ಕರೆಂಟು ಕೂಲಂಟಿನ ಮೂಲಕ ದಾರಿ ಹುಡುಕುತ್ತಿದೆ. ಹಾಗೇ ಬಿಟ್ಟರೆ ಹೊಸ ಅಲ್ಯೂಮಿನಿಯಮ್ಮಿನಲ್ಲಿ ಸೂಜಿ ಮೊನೆಯಷ್ಟು ತೂತುಗಳು ಬೀಳುತ್ತವೆ. ರೇಡಿಯೇಟರಿಗೇ ಅರ್ತ್ ಕಟ್ಟುವುದು ಪರಿಹಾರವಲ್ಲ, ಎಂಜಿನ್ನಿನಿಂದ ಕಾರಿನ ಬಾಡಿಯವರೆಗೆ ಹೋಗುವ ವೈರು ಸರಿಮಾಡಿ.

ಇಷ್ಟೆಲ್ಲ ಸರಿ ಇದ್ದೂ ಟ್ರ್ಯಾಕಿನಲ್ಲಿ ಬಿಸಿ ಏರಿದರೆ ಕಾರಣ ಎಂಜಿನ್ನಿನ ಹುಟ್ಟಿನಲ್ಲಿದೆ. ಇದು ಮಾಜ್ದಾ 323ರಲ್ಲಿ ಅಡ್ಡ ಕೂರಿಸಿದ್ದ ಎಂಜಿನ್ನಿನ ಕುಟುಂಬದ್ದು. ಅಲ್ಲಿ ನೀರು ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಬರುತ್ತಿತ್ತು. ಉದ್ದಕ್ಕೆ ತಿರುಗಿಸಿ ಇಲ್ಲಿ ಕೂರಿಸಿದಾಗ ಹೊರದಾರಿಯೂ ಮುಂದಕ್ಕೇ ಬಂತು. ಹಾಗಾಗಿ ಹಿಂದಿನ 4ನೇ ಸಿಲಿಂಡರಿಗೆ ನೀರಿನ ಓಟ ಕಡಿಮೆ. ಥರ್ಮೋಸ್ಟಾಟನ್ನು ಹೆಡ್ಡಿನ ಹಿಂಭಾಗಕ್ಕೆ ಸಾಗಿಸುವ ರೀರೂಟ್ ಕಿಟ್ ಹುಟ್ಟಿದ್ದು ಇದಕ್ಕಾಗಿ. ರಸ್ತೆಯ ಕಾರಿಗೆ ಅದರ ಅಗತ್ಯ ಬೀಳುವುದಿಲ್ಲ. ಟರ್ಬೊ ಹಾಕಿದ ಕಾರಿನಲ್ಲಿ ಎರಡನೆಯ, ಇನ್ನೂ ದಪ್ಪ ರೇಡಿಯೇಟರ್ ಕೊಳ್ಳುವ ಮೊದಲು ಆ ಹಣವನ್ನು ಇದಕ್ಕೆ ಹಾಕಿ.